ಮುಂದೆ ನಿಂತರೂ ಹಿಂದೆ ನಿಂತರೂ ಅದೇ ಕಂಠ

ಬಾಬ್ ಮಾರ್ಲಿಯ ಹಾಡು ಕೇಳಿದವರೆಲ್ಲ ಮಾರ್ಷಿಯಾ ಗ್ರಿಫಿತ್ಸ್ ಅವರ ದನಿಯನ್ನೂ ಕೇಳಿರುತ್ತಾರೆ, ಹೆಸರು ಮಾತ್ರ ತಿಳಿದಿರುವುದಿಲ್ಲ. 1977ರ ‘ಎಕ್ಸೋಡಸ್’ ಆಲ್ಬಮ್ಮಿನ ‘ತ್ರೀ ಲಿಟಲ್ ಬರ್ಡ್ಸ್’ ಹಾಡಿನಲ್ಲಿ ಮಾರ್ಲಿಯ ದನಿಗೆ ಬಂದು ಕೂಡಿಕೊಳ್ಳುವ ಹೆಂಗಸರಲ್ಲಿ ಅವರೂ ಒಬ್ಬರು. ಅಮೆರಿಕದ ಮದುವೆಮನೆಗಳಲ್ಲಿ ನೆಂಟರಿಷ್ಟರು ಸಾಲಾಗಿ ನಿಂತು ‘ಎಲೆಕ್ಟ್ರಿಕ್ ಸ್ಲೈಡ್’ ಕುಣಿಯುವಾಗ ಮೊಳಗುವ ಹಾಡೂ ಅವರದೇ. ಈ ಎರಡು ಗುರುತುಗಳ ಮರೆಯಲ್ಲಿ ಅವರ ದೊಡ್ಡ ಸಾಧನೆ ಅಡಗಿಹೋಗಿದೆ. ಜಮೈಕಾದ ಸಂಗೀತ ಸ್ಕಾದಿಂದ ರಾಕ್‌ಸ್ಟೆಡಿಗೆ, ಅಲ್ಲಿಂದ ರೆಗೆಗೆ, ಮುಂದೆ ಡ್ಯಾನ್ಸ್‌ಹಾಲ್‌ಗೆ ಹೊರಳಿದಾಗಲೆಲ್ಲ ಅದರೊಂದಿಗೆ ನಡೆದು, ಎಲ್ಲಿಯೂ ತಮ್ಮ ಕಂಠದ ಗುಣವನ್ನು ಬಿಟ್ಟುಕೊಡದ ಗಾಯಕಿ ಅವರು.

1949ರಲ್ಲಿ ಕಿಂಗ್‌ಸ್ಟನ್ನಿನ ಪಶ್ಚಿಮ ಭಾಗದಲ್ಲಿ ಹುಟ್ಟಿದ ಮಾರ್ಷಿಯಾ, 1964ರಲ್ಲಿ ಬೈರನ್ ಲೀ ಅವರ ಡ್ರ್ಯಾಗನೇರ್ಸ್ ತಂಡದೊಡನೆ ವೇದಿಕೆ ಏರಿದರು. ಅದೇ ವರ್ಷ ಜಮೈಕಾದ ಇನ್ನೊಬ್ಬ ಹುಡುಗಿ ಮಿಲ್ಲಿ ಸ್ಮಾಲ್ ಲಂಡನ್ನಿನಲ್ಲಿ ಹಾಡಿದ ‘ಮೈ ಬಾಯ್ ಲಾಲಿಪಾಪ್’ ಬ್ರಿಟನ್, ಅಮೆರಿಕ ಎರಡೂ ಕಡೆ ಎರಡನೆಯ ಸ್ಥಾನಕ್ಕೆ ಏರಿ, ಸ್ಕಾ ಎಂಬ ಸಂಗೀತವನ್ನು ಜಗತ್ತಿಗೆ ಪರಿಚಯಿಸಿತು. ಮಿಲ್ಲಿಯ ಕೀಚಲು ಕಂಠಕ್ಕೆ ತನ್ನದೇ ಸೊಗಸಿತ್ತು. ಆದರೆ ಆ ಗೆಲುವು ಹುಡುಗಿಯರಿಗೆ ಒಂದು ಅಚ್ಚನ್ನೂ ತಯಾರು ಮಾಡಿತು: ಮಗುವಿನಂತೆ, ಮುದ್ದುಮುದ್ದಾಗಿ ಹಾಡಬೇಕು. ಮಾರ್ಷಿಯಾ ಆ ಅಚ್ಚಿಗೆ ಬೀಳಲಿಲ್ಲ. ಅವರ ದನಿ ಚಿಕ್ಕ ವಯಸ್ಸಿನಲ್ಲೇ ತುಂಬಿಕೊಂಡಿತ್ತು, ಬಾಯಿ ತೆರೆದು ನೇರವಾಗಿ ಹಾಡುವಂಥದ್ದಾಗಿತ್ತು.

ಕಾಲವೂ ಕೂಡಿಬಂತು. ಸ್ಕಾದ ಓಟದ ಲಯದಲ್ಲಿ ತುತ್ತೂರಿ, ಸ್ಯಾಕ್ಸಫೋನುಗಳದೇ ಕಾರುಬಾರು. ಹಾಡುವವರಿಗೆ ಸಿಗುತ್ತಿದ್ದ ಜಾಗ ಕಿರಿದು. 1966ರ ಹೊತ್ತಿಗೆ ರಾಕ್‌ಸ್ಟೆಡಿ ಬಂದು ಲಯ ನಿಧಾನವಾಯಿತು. ಬೇಸ್ ಗಿಟಾರ್ ಮುಂದೆ ಬಂತು, ಗಾಳಿವಾದ್ಯಗಳು ಹಿಂದೆ ಸರಿದವು. ಆಗ ತೆರವಾದ ಜಾಗದಲ್ಲಿ ಕಂಠಕ್ಕೆ ಉಸಿರಾಡಲು ಅವಕಾಶವಾಯಿತು. ಕ್ಲೆಮೆಂಟ್ ‘ಕಾಕ್ಸನ್’ ಡಾಡ್ ಅವರ ಸ್ಟುಡಿಯೋ ಒನ್‌ನಲ್ಲಿ ಮಾರ್ಷಿಯಾ ಹಾಡಿದ ‘ಫೀಲ್ ಲೈಕ್ ಜಂಪಿಂಗ್’ 1968ರಲ್ಲಿ ಅವರಿಗೆ ಮೊದಲ ದೊಡ್ಡ ಗೆಲುವು ತಂದಿತು. ಕುಣಿಯಬೇಕು ಎನ್ನಿಸುತ್ತಿದೆ ಎಂಬುದಷ್ಟೇ ಹಾಡಿನ ಮಾತು. ಬೇರೆ ಯಾರಾದರೂ ಆಗಿದ್ದರೆ ಕೂಗಿ, ಏರಿಸಿ ಹಾಡುತ್ತಿದ್ದರು. ಮಾರ್ಷಿಯಾ ಹಾಗೆ ಮಾಡುವುದಿಲ್ಲ. ಕುಣಿಸುವ ಕೆಲಸವನ್ನು ತಾಳಕ್ಕೇ ಬಿಟ್ಟು, ತಾವು ಅದರ ಮೇಲೆ ಹಗುರಾಗಿ ಕೂರುತ್ತಾರೆ. ಸಾಲಿನ ಕೊನೆಯ ಸ್ವರವನ್ನು ಅಗತ್ಯಕ್ಕಿಂತ ಎಳೆಯುವುದಿಲ್ಲ. ಬಿಟ್ಟ ಜಾಗದಲ್ಲಿ ಬೇಸ್ ಕೇಳುತ್ತದೆ, ಪೆಟ್ಟಿನ ಎಡೆಯಲ್ಲಿ ಗಿಟಾರ್ ಕೇಳುತ್ತದೆ. ಈ ಸಂಯಮವೇ ಅವರ ಕಲೆಯ ಬೇರು.

ಆ ದಿನಗಳಲ್ಲಿ ಅವರಿಗೆ ಹಾಡು ಬರೆದುಕೊಟ್ಟವರಲ್ಲಿ ಮುಖ್ಯರು ಬಾಬ್ ಆಂಡಿ. ಇಬ್ಬರೂ ಸೇರಿ ನಿರ್ಮಾಪಕ ಹ್ಯಾರಿ ಜಾನ್ಸನ್‌ಗಾಗಿ ಹಾಡಿದ ‘ಯಂಗ್, ಗಿಫ್ಟೆಡ್ ಅಂಡ್ ಬ್ಲ್ಯಾಕ್’ 1970ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಐದನೆಯ ಸ್ಥಾನ ಪಡೆಯಿತು. ಮೂಲ ಹಾಡು ನೀನಾ ಸಿಮೋನ್ ಅವರದು. ‘ಎ ರೈಸಿನ್ ಇನ್ ದ ಸನ್’ ನಾಟಕ ಬರೆದು ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಗೆಳತಿ ಲೊರೇನ್ ಹ್ಯಾನ್ಸ್‌ಬರಿಯ ನೆನಪಿನಲ್ಲಿ ಹುಟ್ಟಿದ್ದು. ಸಿಮೋನ್ ಅದನ್ನು ಇಗರ್ಜಿಯ ಪ್ರಾರ್ಥನೆಯ ಗಾಂಭೀರ್ಯದಲ್ಲಿ ಹಾಡಿದರು. ಬಾಬ್ ಮತ್ತು ಮಾರ್ಷಿಯಾ ಅದನ್ನು ಕುಣಿತದ ಕಣಕ್ಕೆ ಇಳಿಸಿದರು. ಇದರಿಂದ ಹಾಡಿನ ತೂಕ ಕಡಿಮೆಯಾಯಿತೇ? ನನಗೆ ಹಾಗನ್ನಿಸುವುದಿಲ್ಲ. 1968ರಲ್ಲಿ ಬ್ರಿಟನ್ನಿನ ರಾಜಕಾರಣಿ ಈನಕ್ ಪೊವೆಲ್ ವಲಸಿಗರ ವಿರುದ್ಧ ಮಾಡಿದ ಭಾಷಣದ ಕಾವು ಇನ್ನೂ ಆರದ ದೇಶದಲ್ಲಿ, ಕಪ್ಪು ಮಕ್ಕಳಿಗೆ ನೀವು ಪ್ರತಿಭಾವಂತರು ಎಂದು ಹೇಳುವ ಹಾಡು ರೇಡಿಯೋದಲ್ಲಿ ನಗುತ್ತಾ ಬಂತು. ಹಕ್ಕಿಗಾಗಿ ಬೇಡಿಕೊಳ್ಳುವ ದೈನ್ಯ ಅದರಲ್ಲಿರಲಿಲ್ಲ. ಬ್ರಿಟನ್ ಮಾರುಕಟ್ಟೆಗಾಗಿ ಅದಕ್ಕೆ ಪಿಟೀಲುಗಳ ಲೇಪ ಬಳಿದದ್ದು ಮಾತ್ರ ಅನಗತ್ಯವಾಗಿತ್ತು. ಆ ಸಿಹಿಯ ಅಡಿಯಲ್ಲಿ ಎರಡು ಕಂಠಗಳ ಒರಟು ಖುಷಿ ಒಂದಿಷ್ಟು ಮಬ್ಬಾಗುತ್ತದೆ.

ಮಾರ್ಲಿಯ ಅಧ್ಯಾಯವನ್ನು ಜನ ಸಾಮಾನ್ಯವಾಗಿ ತಲೆಕೆಳಗಾಗಿ ಓದುತ್ತಾರೆ. ಕಿಂಗ್‌ಸ್ಟನ್ನಿನ ‘ಹೌಸ್ ಆಫ್ ಚೆನ್’ ಕ್ಲಬ್ಬಿನಲ್ಲಿ ತಮ್ಮ ಕಾರ್ಯಕ್ರಮಕ್ಕೆ ದನಿಗೂಡಿಸಲು ರೀಟಾ ಮಾರ್ಲಿ ಮತ್ತು ಜೂಡಿ ಮೊವಾಟ್ ಅವರನ್ನು ಕರೆದವರು ಮಾರ್ಷಿಯಾ. ಆ ಕೂಟವೇ ‘ಐ ಥ್ರೀಸ್’ ಆಯಿತು. ಮಾರ್ಲಿಯ ಜೊತೆ ಹಾಡುತ್ತಿದ್ದ ಪೀಟರ್ ಟಾಶ್ ಮತ್ತು ಬನ್ನಿ ವೇಲರ್ ತಂಡ ಬಿಟ್ಟ ಮೇಲೆ ಆ ಎರಡು ದನಿಗಳ ಜಾಗವನ್ನು ತುಂಬಿದ್ದು, 1974ರ ‘ನ್ಯಾಟಿ ಡ್ರೆಡ್’ ಆಲ್ಬಮ್ಮಿನಿಂದ ಮಾರ್ಲಿಯ ಕೊನೆಯ ದಿನಗಳವರೆಗೂ ಜೊತೆಗಿದ್ದದ್ದು ಈ ಮೂವರು. ಹೆಸರಾಂತ ಗಾಯಕಿಯೊಬ್ಬರು ಹಿಮ್ಮೇಳಕ್ಕೆ ನಿಂತದ್ದನ್ನು ಇಳಿಕೆ ಎಂದು ಭಾವಿಸುವವರು ಯಕ್ಷಗಾನದ ಮದ್ದಳೆಗಾರರನ್ನು ಒಮ್ಮೆ ಗಮನಿಸಬೇಕು. ಭಾಗವತರ ಪದ ಎದ್ದು ನಿಲ್ಲುವುದು ಅವರ ಕೈಚಳಕದಿಂದ. ಮಾರ್ಲಿಯ ದನಿ ಗೊಗ್ಗರು, ಬಿರುಕುಬಿಟ್ಟದ್ದು. ಐ ಥ್ರೀಸ್ ದನಿ ನುಣುಪಾದ ಗೋಡೆಯಂತೆ ಹಿಂದೆ ನಿಂತಾಗಲೇ ಆ ಬಿರುಕುಗಳು ಅರ್ಥಪೂರ್ಣವಾಗಿ ಕೇಳಿಸುತ್ತವೆ. ಒಂಟಿಯಾಗಿ ಹಾಡುವಾಗ ಬೇಸ್‌ಗೆ ಜಾಗ ಬಿಟ್ಟ ಸಂಯಮವೇ ಇಲ್ಲಿ ಜೊತೆಯವರಿಗೆ ಜಾಗ ಬಿಟ್ಟಿದೆ.

ಆ ವರ್ಷಗಳಲ್ಲೇ ಮಾರ್ಷಿಯಾ ತಮ್ಮ ಅತ್ಯುತ್ತಮ ಕೆಲಸವನ್ನೂ ಮಾಡಿದರು ಎಂಬುದು ನನ್ನ ಅಭಿಪ್ರಾಯ. ‘ನ್ಯಾಚುರಲಿ’ (1978) ಮತ್ತು ‘ಸ್ಟೆಪ್ಪಿನ್’ (1979) ಆಲ್ಬಮ್ಮುಗಳ ನಿರ್ಮಾಪಕಿ ಸೋನಿಯಾ ಪಾಟಿಂಜರ್. ಗಂಡಸರೇ ಆಳುತ್ತಿದ್ದ ಜಮೈಕಾದ ಧ್ವನಿಮುದ್ರಣ ಉದ್ಯಮದಲ್ಲಿ ತಮ್ಮದೇ ಲೇಬಲ್ ನಡೆಸಿ ಗೆದ್ದ ಹೆಂಗಸು. ಬನ್ನಿ ವೇಲರ್ ಅವರ ‘ಡ್ರೀಮ್‌ಲ್ಯಾಂಡ್’ ಇಲ್ಲಿ ಮಾರ್ಷಿಯಾ ಕಂಠದಲ್ಲಿ ಬೇರೆಯೇ ಹಾಡಾಗಿದೆ. ಕಡಲಾಚೆಯ ಸುಖದ ನಾಡಿನ ಕನಸು ಇದರ ವಸ್ತು. ಬನ್ನಿ ಹಾಡಿದಾಗ ಅದು ಭಕ್ತನ ಹಂಬಲವಾಗಿ ಕೇಳಿಸುತ್ತದೆ. ಮಾರ್ಷಿಯಾ ಹಾಡಿದಾಗ ಹೊರಡುವ ದಿನ ಗೊತ್ತಾಗಿ, ಮನೆಯವರನ್ನೂ ಹೊರಡಿಸುತ್ತಿರುವವರ ಭರವಸೆ ಅದರಲ್ಲಿದೆ. ಪದ ಬದಲಾಗಿಲ್ಲ, ದನಿಯ ನಿಶ್ಚಯ ಅದನ್ನು ಬದಲಿಸಿದೆ.

ಕೊರತೆಗಳನ್ನೂ ಹೇಳಲೇಬೇಕು. ಅವರ ಹೆಸರಾದ ಹಾಡುಗಳಲ್ಲಿ ಬಹುಪಾಲು ಗಂಡಸರು ಬರೆದವು. ಜೂಡಿ ಮೊವಾಟ್ 1980ರ ‘ಬ್ಲ್ಯಾಕ್ ವುಮನ್’ ಆಲ್ಬಮ್ಮಿನಲ್ಲಿ ಹೆಣ್ಣಿನ ಬದುಕನ್ನು ತಮ್ಮ ಮಾತಿನಲ್ಲೇ ಹೇಳಿದಂತೆ ಮಾರ್ಷಿಯಾ ಹೇಳಲಿಲ್ಲ. ‘ಎಲೆಕ್ಟ್ರಿಕ್ ಸ್ಲೈಡ್’ ಕುಣಿತದ ಹಾಡಾದ, ಬನ್ನಿ ವೇಲರ್ ಬರೆದ ‘ಎಲೆಕ್ಟ್ರಿಕ್ ಬೂಗಿ’ 1989ರಲ್ಲಿ ಹೊಸ ರೂಪದಲ್ಲಿ ಬಂದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 51ನೆಯ ಸ್ಥಾನ ತಲುಪಿತು, ಅಸಂಖ್ಯ ಜನರನ್ನು ಕುಣಿಸಿತು. ಆದರೆ ಯಂತ್ರದ ತಾಳ ಜಾಗವನ್ನೆಲ್ಲ ನುಂಗಿದ ಆ ಹಾಡಿನಲ್ಲಿ ಅವರ ಕಂಠಕ್ಕೆ ಹುರಿದುಂಬಿಸುವುದರ ಹೊರತು ಬೇರೆ ಕೆಲಸವಿಲ್ಲ. ಡಿಜಿಟಲ್ ತಾಳವೇ ಅವರಿಗೆ ಹೊಂದುವುದಿಲ್ಲ ಎಂದಲ್ಲ. ತೊಂಬತ್ತರ ದಶಕದಲ್ಲಿ ಡಾನೊವನ್ ಜರ್ಮೇನ್ ಅವರ ಪೆಂಟ್‌ಹೌಸ್ ಸ್ಟುಡಿಯೋದಲ್ಲಿ ಅವರು ಹಾಡಿದ್ದನ್ನು ಕೇಳಿದರೆ, ಡ್ಯಾನ್ಸ್‌ಹಾಲ್‌ನ ಗಡುಸು ತಾಳದ ಮೇಲೂ ಆ ದನಿ ನೆಮ್ಮದಿಯಾಗಿ ನಿಲ್ಲಬಲ್ಲದೆಂದು ತಿಳಿಯುತ್ತದೆ. ಜರ್ಮೇನ್ ಅವರಿಗೆ ಆ ಕಂಠದ ಅಳತೆ ಗೊತ್ತಿತ್ತು.

ಜಮೈಕಾದ ಸಂಗೀತ ಚರಿತ್ರೆಯನ್ನು ನಾವು ಹಾಡು ಬರೆದವರ, ಘೋಷಣೆ ಕೂಗಿದವರ ಚರಿತ್ರೆಯಾಗಿ ಓದುತ್ತಾ ಬಂದಿದ್ದೇವೆ. ಆ ಅಳತೆಗೋಲಿಗೆ ಮಾರ್ಷಿಯಾ ದಕ್ಕುವುದಿಲ್ಲ. ಹಾಡುಗಾರಿಕೆಯನ್ನೇ ಅಳತೆಗೋಲಾಗಿ ಹಿಡಿದರೆ ಅವರು ಯಾರ ನೆರಳೂ ಅಲ್ಲ, ಮೊದಲ ಸಾಲಿನವರು. ಹೊಸದಾಗಿ ಕೇಳುವವರು ಮಾರ್ಲಿಯಿಂದ ಹೊರಟು ಅವರನ್ನು ಹುಡುಕುವುದು ಬೇಡ. ‘ನ್ಯಾಚುರಲಿ’ಯಿಂದ ತೊಡಗಿ, ಸ್ಟುಡಿಯೋ ಒನ್ ಹಾಡುಗಳಿಗೆ ಹಿಂದಿರುಗಿ, ಕೊನೆಗೆ ಮಾರ್ಲಿಯ ಆಲ್ಬಮ್ಮುಗಳಿಗೆ ಬರಲಿ. ಅಷ್ಟು ಹೊತ್ತಿಗೆ ಅಲ್ಲಿನ ಮೂರು ದನಿಗಳಲ್ಲಿ ಒಂದನ್ನು ಹೆಸರು ಹಿಡಿದು ಗುರುತಿಸುವಷ್ಟು ಕಿವಿ ಪಳಗಿರುತ್ತದೆ.