ನೋವಿನ ಬೆಟ್ಟದ ಕಲ್ಲು

ಉರ್ಸುಲಾ ಲೆ ಗ್ವಿನ್ 1972ರಲ್ಲಿ ಪ್ರಕಟಿಸಿದ ‘ದಿ ಫಾರ್ದೆಸ್ಟ್ ಶೋರ್’ ಕಾದಂಬರಿಯ ಸತ್ತವರ ನಾಡು ನನ್ನ ಕಣ್ಣಿಗೆ ಕಟ್ಟಿಬಿಟ್ಟಿದೆ. ಅಲ್ಲಿ ನರಕದ ಬೆಂಕಿಯಿಲ್ಲ, ಗೋಳಾಟವಿಲ್ಲ. ಒಂದು ಗಿಡ್ಡ ಕಲ್ಲುಗೋಡೆ. ಅದರಾಚೆ ಧೂಳು, ಅಲುಗದ ನಕ್ಷತ್ರಗಳು, ತಿರುಗದ ಕುಂಬಾರನ ಚಕ್ರ. ಒಬ್ಬರಿಗಾಗಿ ಒಬ್ಬರು ಪ್ರಾಣಬಿಟ್ಟ ಪ್ರೇಮಿಗಳು ಬೀದಿಯಲ್ಲಿ ಎದುರಾದರೂ ಸುಮ್ಮನೆ ಹಾದುಹೋಗುತ್ತಾರೆ. ಅಬ್ಬಾ, ಆ ಒಂದು ವಿವರ!

ಈ ಕತ್ತಲ ನಾಡನ್ನು ಜೀವಂತವಾಗಿ ದಾಟಿದವನೇ ಅರಸನಾಗುವನೆಂಬ ಭವಿಷ್ಯವಾಣಿ ಶತಮಾನಗಳಿಂದ ಕಾದಿದೆ. ಅದು ನಿಜವಾಗುವ ಗಳಿಗೆಯಲ್ಲಿ ಕಹಳೆಯ ಸದ್ದೂ ಇಲ್ಲ. ಮಂತ್ರಶಕ್ತಿಯೆಲ್ಲ ಬರಿದಾದ ಮಾಂತ್ರಿಕ ಗೆಡ್‌ನನ್ನು ಅವನ ಜೊತೆಗಾರ, ತರುಣ ಅರೆನ್ ಕಪ್ಪು ಬಂಡೆಗಳ ನೋವಿನ ಬೆಟ್ಟ ದಾಟಿಸಿ, ಎಳೆದು, ಹೊತ್ತು ತರುತ್ತಾನೆ. ಬಾಯಾರಿಕೆಯನ್ನು ಇಷ್ಟು ಒಣಗಿದ ಮಾತುಗಳಲ್ಲಿ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಕೊನೆಗೆ ಕಡಲತೀರದಲ್ಲಿ, ಅರೆನ್‌ನ ಜೇಬಿನಲ್ಲಿ ಕೈಗೆ ತಾಗುತ್ತದೆ ಒಂದು ಸಣ್ಣ ಕರಿಕಲ್ಲು.