ಉಪಗ್ರಹ ಉಡಾವಣೆಯ ಚಿತ್ರಗಳು: ಒಂದು ಪಾಠಪರಿಶೀಲನೆ

ಮೊದಲ ಕೃತಕ ಉಪಗ್ರಹಗಳ ಉಡಾವಣೆಯನ್ನು ತೋರಿಸುವ ಚಲಚ್ಚಿತ್ರದ ತುಣುಕುಗಳು ಇಂದು ಯಾರಿಗಾದರೂ ಸುಲಭವಾಗಿ ದೊರೆಯುತ್ತವೆ. ಅವನ್ನು ಗಮನವಿಟ್ಟು ನೋಡಿದವರಿಗೆ ಕೆಲವು ವಿವರಗಳು ಒಗಟಾಗಿ ತೋರುವುದು ಸಹಜ. ರಾಕೆಟ್ಟಿನ ಮೈಯಿಂದ ಬಿಳಿಯ ಹಲ್ಲೆಗಳು ಉದುರುತ್ತವೆ. ಒಂದರ ತಲೆ ಮಾತ್ರ ಬುಗುರಿಯಂತೆ ತಿರುಗುತ್ತದೆ. ಜ್ವಾಲೆ ಕಂಡ ಕ್ಷಣದಲ್ಲಿಯೇ ದೂರದ ಕ್ಯಾಮೆರಾಕ್ಕೆ ಗರ್ಜನೆಯೂ ಕೇಳಿಸುತ್ತದೆ. ಅರ್ಧರಾತ್ರಿಯಲ್ಲಿ ಹಾರಿದ ರಾಕೆಟ್ಟು ಹಾಡಹಗಲಿನಲ್ಲಿ ಏರುತ್ತದೆ. ಇವನ್ನು ಕಂಡು ಕೆಲವರು ಎಲ್ಲವೂ ಕಟ್ಟುಕಥೆಯೆಂದು ತೀರ್ಮಾನಿಸುತ್ತಾರೆ. ಮತ್ತೆ ಕೆಲವರು ವಿಜ್ಞಾನದ ಮೇಲಿನ ಗೌರವದಿಂದ, ಪ್ರಶ್ನೆಯೇ ಅನುಚಿತವೆಂದು ಬಾಯಿ ಮುಚ್ಚಿಸುತ್ತಾರೆ. ಈ ಎರಡು ಪಕ್ಷಗಳೂ ಚಿತ್ರವನ್ನು ಓದುವ ಶ್ರಮವನ್ನು ವಹಿಸಿಲ್ಲವೆಂಬುದೇ ಪ್ರಕೃತ ಲೇಖನದ ವಾದ.

ಪ್ರಾಚೀನ ಕಾವ್ಯದ ಓಲೆಪ್ರತಿಯನ್ನು ಎದುರಿಗಿಟ್ಟುಕೊಂಡ ಸಂಪಾದಕನು ಏನು ಮಾಡುತ್ತಾನೆ? ಅರ್ಥವಾಗದ ಪದವನ್ನು ಕಂಡೊಡನೆ ಅದು ಅಪಪಾಠವೆಂದು ಹೊಡೆದುಹಾಕುವುದಿಲ್ಲ. ಅದು ಕವಿಯ ಕಾಲದ ಪ್ರಯೋಗವೋ, ಲಿಪಿಕಾರನ ಕೈಗುಣವೋ, ಅಥವಾ ಮುಂದೆ ಯಾರೋ ಸೇರಿಸಿದ ಪ್ರಕ್ಷಿಪ್ತವೋ ಎಂದು ವಿಚಾರಿಸುತ್ತಾನೆ. ಅಲ್ಲದೆ, ಪ್ರಕ್ಷಿಪ್ತ ಪದ್ಯವೊಂದು ಸಿಕ್ಕಿತೆಂದು ಕವಿಯೇ ಇರಲಿಲ್ಲವೆಂದು ಸಾರುವುದಿಲ್ಲ. ಉಡಾವಣೆಯ ಚಿತ್ರಗಳಲ್ಲಿಯೂ ಇಂತಹ ಮೂರು ವರ್ಗಗಳನ್ನು ಗುರುತಿಸಬಹುದು: ವಸ್ತುವಿನಲ್ಲಿಯೇ ಇರುವ ಒಗಟು, ಕ್ಯಾಮೆರಾ ತಂದಿಟ್ಟ ಒಗಟು, ಚಿತ್ರವನ್ನು ಕತ್ತರಿಸಿ ಜೋಡಿಸಿದವರು ಮಾಡಿದ ಒಗಟು.

ಮೊದಲು ವಸ್ತುವನ್ನು ನೋಡೋಣ. ಸ್ಪುಟ್ನಿಕ್, ಎಕ್ಸ್‌ಪ್ಲೋರರ್, ವ್ಯಾನ್‌ಗಾರ್ಡ್ ಮೂರನ್ನೂ ಹೊತ್ತ ರಾಕೆಟ್ಟುಗಳ ಮೊದಲ ಹಂತದಲ್ಲಿ ದ್ರವರೂಪದ ಆಮ್ಲಜನಕವಿತ್ತು. ಸೊನ್ನೆಗಿಂತ ೧೮೩ ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗೆ ಕುದಿಯುವ ಈ ದ್ರವವನ್ನು ತುಂಬಿದೊಡನೆ ಗಾಳಿಯ ತೇವವು ತೊಟ್ಟಿಯ ಹೊರಮೈಯಲ್ಲಿ ಹೆಪ್ಪುಗಟ್ಟುತ್ತದೆ. ಎಂಜಿನ್ನು ನಡುಗಿಸಿದಾಗ ಉದುರುವ ಹಲ್ಲೆಗಳು ಈ ಹಿಮವೇ ಹೊರತು ಕಳಚಿದ ಬಣ್ಣವಲ್ಲ. ಪಕ್ಕದಿಂದ ಹೊಮ್ಮುವ ಬಿಳಿಯ ಆವಿಯೂ ಅದೇ ದ್ರವದ ಕಾರ್ಯ. ಇದಕ್ಕೆ ವಿರುದ್ಧವಾದ ನಿದರ್ಶನ ನಮ್ಮ ದೇಶದಲ್ಲಿಯೇ ಇದೆ. ೧೯೮೦ರ ಜುಲೈ ೧೮ರಂದು ಶ್ರೀಹರಿಕೋಟೆಯಿಂದ ರೋಹಿಣಿಯನ್ನು ಕಕ್ಷೆಗೇರಿಸಿದ ಎಸ್‌ಎಲ್‌ವಿ-೩ರ ನಾಲ್ಕು ಹಂತಗಳೂ ಘನ ಇಂಧನದವು. ಅಲ್ಲಿ ಹಿಮ ಉದುರಿದ್ದರೆ ಅದನ್ನೇ ಅನುಮಾನಿಸಬೇಕಾಗಿತ್ತು.

ತಿರುಗುವ ತಲೆಯ ವಿಷಯವೂ ಹೀಗೆಯೇ. ೧೯೫೮ರ ಜನವರಿ ೩೧ರ ರಾತ್ರಿ ಕೇಪ್ ಕನವೆರಲ್‌ನಿಂದ ಎಕ್ಸ್‌ಪ್ಲೋರರ್-೧ನ್ನು ಒಯ್ದ ರಾಕೆಟ್ಟಿನ ಶಿರೋಭಾಗದಲ್ಲಿ ಒಂದು ಉರುಳೆ ಇತ್ತು. ಅದರೊಳಗೆ ಎರಡನೆಯ ಹಂತದ ೧೧ ಮತ್ತು ಮೂರನೆಯ ಹಂತದ ೩ ಚಿಕ್ಕ ರಾಕೆಟ್ಟುಗಳು ಅಡಕವಾಗಿದ್ದು, ತುದಿಯಲ್ಲಿ ನಾಲ್ಕನೆಯ ಹಂತದ ಒಂದು ರಾಕೆಟ್ಟು ಉಪಗ್ರಹದೊಡನೆ ನಿಂತಿತ್ತು. ಈ ಮೇಲಿನ ಹಂತಗಳಿಗೆ ದಿಕ್ಕು ತಿದ್ದುವ ಸಾಧನವಿರಲಿಲ್ಲ. ಬುಗುರಿ ತಿರುಗುವಷ್ಟು ಕಾಲ ನೆಟ್ಟಗೆ ನಿಲ್ಲುವಂತೆ ಇವೂ ದಿಕ್ಕು ತಪ್ಪದಿರಲೆಂದು, ನೆಲದ ಮೇಲಿರುವಾಗಲೇ ವಿದ್ಯುತ್ ಮೋಟರುಗಳಿಂದ ಉರುಳೆಯನ್ನು ತಿರುಗಿಸಲಾಗುತ್ತಿತ್ತು. ಅದೇ ರಾಕೆಟ್ಟಿನ ಮೈಮೇಲೆ ‘ಯು’, ‘ಇ’ ಎಂಬ ಎರಡು ರೋಮನ್ ಅಕ್ಷರಗಳೂ ಕಾಣುತ್ತವೆ. ಕಟಪಯಾದಿ ಸಂಖ್ಯಾಕ್ರಮವನ್ನು ಬಲ್ಲ ನಮ್ಮವರಿಗೆ ಈ ಗುಟ್ಟು ಹೊಸದೆನಿಸದು. ರಾಕೆಟ್ಟನ್ನು ರೂಪಿಸಿದ ಹಂಟ್ಸ್‌ವಿಲ್ ಊರಿನ ಹೆಸರಿನಲ್ಲಿ ಮರುಕಳಿಸುವ ಅಕ್ಷರವನ್ನು ಬಿಟ್ಟು, ಉಳಿದವಕ್ಕೆ ೧ರಿಂದ ೯ರವರೆಗೆ ಅಂಕಗಳನ್ನು ಹಚ್ಚಿದ್ದರು. ಅದರಂತೆ ‘ಯು’ ಎಂದರೆ ೨, ‘ಇ’ ಎಂದರೆ ೯. ಅದು ೨೯ನೆಯ ರಾಕೆಟ್ಟು. ಎಷ್ಟು ರಾಕೆಟ್ಟುಗಳು ತಯಾರಾಗಿವೆಯೆಂದು ಪರರಿಗೆ ತಿಳಿಯಬಾರದೆಂಬುದೇ ಈ ಮರೆಯ ಉದ್ದೇಶ.

ಎರಡನೆಯದು ಕ್ಯಾಮೆರಾದ ಒಗಟು. ರಾಕೆಟ್ಟು ಏನಾದರೂ ಕೆಟ್ಟರೆ ಕಾರಣವನ್ನು ಹುಡುಕಬೇಕಾದ ಎಂಜಿನಿಯರರು ಅತಿವೇಗದ ಕ್ಯಾಮೆರಾಗಳನ್ನು ಇಟ್ಟಿರುತ್ತಾರೆ. ಸೆಕೆಂಡಿಗೆ ೯೬ ಬಿಂಬಗಳಂತೆ ತೆಗೆದುದನ್ನು ೨೪ರಂತೆ ತೋರಿಸಿದರೆ ಕಾಲವು ನಾಲ್ಕು ಪಟ್ಟು ಹಿಗ್ಗುತ್ತದೆ. ಹೀಗೆ ಹಿಗ್ಗಿದೆಯೇ ಎಂದು ತಿಳಿಯಲು ನೋಡುವವನ ಕೈಯಲ್ಲಿಯೇ ಒಂದು ಅಳತೆಗೋಲಿದೆ. ೨೦ ಮೀಟರ್ ಎತ್ತರದಿಂದ ಬಿದ್ದ ಹಿಮದ ಗಟ್ಟಿಯು ನೆಲ ಮುಟ್ಟಲು ಸುಮಾರು ೨ ಸೆಕೆಂಡು ಸಾಕು. ತೆರೆಯ ಮೇಲೆ ೮ ಸೆಕೆಂಡು ಹಿಡಿದರೆ ಚಿತ್ರದ ವೇಗ ನಾಲ್ಕರಲ್ಲೊಂದು ಪಾಲಾಗಿದೆಯೆಂದೇ ಅರ್ಥ. ೧೯೫೭ರ ಡಿಸೆಂಬರ್ ೬ರಂದು ವ್ಯಾನ್‌ಗಾರ್ಡ್ ರಾಕೆಟ್ಟು ಸುಮಾರು ನಾಲ್ಕು ಅಡಿ ಮಾತ್ರ ಮೇಲೆದ್ದು, ಬಲಗುಂದಿ, ಮರಳಿ ಕುಸಿದು ಉರಿದುಹೋಯಿತು. ನಿಧಾನಗತಿಯ ಚಿತ್ರದಲ್ಲಿ ಅದರ ಮೂತಿ ಯಾರೋ ಕೈಯಿಂದ ಇಳಿಸಿದಂತೆ ಸಾವಕಾಶವಾಗಿ ವಾಲುತ್ತದೆ. ಆದರೆ ಮೇಲೆದ್ದು ಬೀಳುವ ಆ ಪ್ರಸಂಗವೆಲ್ಲ ಕೆಲವೇ ಸೆಕೆಂಡುಗಳದು. ಹೊರಕ್ಕೆಸೆಯಲ್ಪಟ್ಟ ಪುಟ್ಟ ಉಪಗ್ರಹವು ನೆಲದ ಮೇಲೆ ಬಿದ್ದುಕೊಂಡೇ ಸಂಕೇತಗಳನ್ನು ಕಳಿಸುತ್ತಿತ್ತು. ಆ ಜಖಂಗೊಂಡ ಗೋಳ ಇಂದು ಅಮೆರಿಕೆಯ ರಾಷ್ಟ್ರೀಯ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದಲ್ಲಿದೆ.

ಗರ್ಜನೆಯ ಮಾತು ಮೂರನೆಯ ವರ್ಗಕ್ಕೆ ಸೇರಿದ್ದು. ಶಬ್ದವು ಸೆಕೆಂಡಿಗೆ ಸುಮಾರು ೩೪೦ ಮೀಟರ್ ಸಾಗುವುದರಿಂದ, ಮೂರು ಕಿಲೋಮೀಟರ್ ದೂರದಲ್ಲಿ ನಿಂತವನಿಗೆ ಜ್ವಾಲೆ ಕಂಡ ಸುಮಾರು ೯ ಸೆಕೆಂಡುಗಳ ಮೇಲೆ ಸದ್ದು ಕೇಳಿಸಬೇಕು. ಅಷ್ಟು ದೂರದ ಚಿತ್ರದಲ್ಲಿ ಎರಡೂ ಒಟ್ಟಿಗೆ ಬಂದರೆ ಸದ್ದನ್ನು ಯಾರೋ ಸರಿಸಿದ್ದಾರೆ ಅಥವಾ ಬೇರೆಡೆಯಿಂದ ತಂದು ಕೂಡಿಸಿದ್ದಾರೆ.

ಇದಕ್ಕಿಂತ ಗುರುತರವಾದ ಪ್ರಕ್ಷಿಪ್ತವು ಸ್ಪುಟ್ನಿಕ್-೧ರ ಹೆಸರಿನಲ್ಲಿ ನಡೆದಿದೆ. ಅದು ಹಾರಿದ್ದು ೧೯೫೭ರ ಅಕ್ಟೋಬರ್ ೪ರಂದು, ಮಾಸ್ಕೋ ಸಮಯ ರಾತ್ರಿ ೧೦ ಗಂಟೆ ೨೮ ನಿಮಿಷಕ್ಕೆ. ಉಡಾವಣೆ ನಡೆದ ಕಜಾಕಸ್ತಾನದ ತ್ಯುರತಾಮ್ ಮಾಸ್ಕೋಗೆ ಬಹಳ ಪೂರ್ವದಲ್ಲಿರುವುದರಿಂದ ಅಲ್ಲಿ ಆಗಲೇ ನಡುರಾತ್ರಿ ಕಳೆದಿತ್ತು. ಆದುದರಿಂದ ಹಗಲಿನ ಆಕಾಶಕ್ಕೆ ಏರುವ ರಾಕೆಟ್ಟನ್ನು ತೋರಿಸಿ ‘ಸ್ಪುಟ್ನಿಕ್’ ಎಂದು ಹೆಸರಿಟ್ಟ ತುಣುಕು, ಬೇರೆ ಯಾವ ಪರೀಕ್ಷೆಯೂ ಬೇಡದಂತೆ, ಆ ಉಡಾವಣೆಯದಲ್ಲ. ಇನ್ನೊಂದು ಗುರುತೂ ಉಂಟು. ಸ್ಪುಟ್ನಿಕ್-೧ರ ರಾಕೆಟ್ಟು ಸುಮಾರು ೨೯ ಮೀಟರ್ ಎತ್ತರದ್ದು. ಅದರ ನಡುಗಂಬದ ಮೇಲೆ ಬೇರೊಂದು ಹಂತವಿರಲಿಲ್ಲ. ಮನುಷ್ಯನನ್ನು ಒಯ್ದ ವೊಸ್ತೊಕ್ ರಾಕೆಟ್ಟು ಸುಮಾರು ೩೮ ಮೀಟರಿನದು. ಅದರ ಮೇಲಿನ ಹಂತದ ಕೆಳಗೆ ಆರಪಾರ ಕಾಣುವ ಜಾಲಂಧ್ರದಂತಹ ಕಟ್ಟು ಇದೆ. ಆ ಕಟ್ಟು ಕಂಡಲ್ಲಿ ಚಿತ್ರ ೧೯೫೭ರದಲ್ಲ.

ಇಂತಹ ಅದಲುಬದಲು ಹೇಗೆ ಸಾಧ್ಯವಾಯಿತು? ಸೋವಿಯತ್ ಸರ್ಕಾರವು ಈ ರಾಕೆಟ್ಟಿನ ರೂಪವನ್ನೇ ರಹಸ್ಯವಾಗಿಟ್ಟಿತ್ತು. ೧೯೬೭ರ ಪ್ಯಾರಿಸ್ ವಿಮಾನ ಪ್ರದರ್ಶನದಲ್ಲಿ ವೊಸ್ತೊಕ್ ರಾಕೆಟ್ಟನ್ನು ಇಟ್ಟಾಗಲೇ ಜಗತ್ತು ಅದರ ನಿಜರೂಪವನ್ನು ಕಂಡಿತು. ಮುಖ್ಯ ಶಿಲ್ಪಿ ಸೆರ್ಗೆಯ್ ಕೊರೊಲ್ಯೋವರ ಹೆಸರೂ ೧೯೬೬ರಲ್ಲಿ ಅವರು ತೀರಿಕೊಂಡ ಮೇಲೆಯೇ ಬಯಲಾಯಿತು. ಮೂಲಚಿತ್ರ ಕೈಗೆ ಸಿಕ್ಕದಿದ್ದಾಗ ಹತ್ತಿರದ ಹೋಲಿಕೆಯುಳ್ಳದ್ದನ್ನು ಜೋಡಿಸುವುದು ಚಿತ್ರಸಂಯೋಜಕರಿಗೆ ಸುಲಭದ ದಾರಿ. ಲೋಪವಿರುವುದು ಜೋಡಿಸಿದುದಕ್ಕಿಂತ ಹೆಚ್ಚಾಗಿ, ಜೋಡಿಸಿದ್ದೇವೆಂದು ಹೇಳದಿರುವುದರಲ್ಲಿ.

ಹಾಗಾದರೆ ಸ್ಪುಟ್ನಿಕ್ ಸುಳ್ಳೇ? ಆ ಘಟನೆ ಚಲಚ್ಚಿತ್ರದ ಸಾಕ್ಷ್ಯವನ್ನು ನೆಚ್ಚಿಕೊಂಡೇ ಇಲ್ಲ. ೮೩.೬ ಕಿಲೋಗ್ರಾಂ ತೂಕದ ಆ ಗೋಳವು ಮೂರು ವಾರಗಳ ಕಾಲ ೨೦ ಮತ್ತು ೪೦ ಮೆಗಾಹರ್ಟ್ಸ್ ಸಮೀಪದ ಅಲೆಗಳಲ್ಲಿ ಸಂಕೇತಗಳನ್ನು ಬಿತ್ತರಿಸಿತು. ಸೋವಿಯತ್ತಿನವರ ಹಂಗಿಲ್ಲದ ಹವ್ಯಾಸಿಗಳು ದೇಶದೇಶಗಳಲ್ಲಿ ಅದನ್ನು ಕೇಳಿದರು. ಅಮೆರಿಕೆಯ ಜಾನ್ಸ್ ಹಾಪ್‌ಕಿನ್ಸ್ ಪ್ರಯೋಗಾಲಯದ ಗಯರ್ ಮತ್ತು ವೈಫನ್‌ಬಾಕ್ ಎಂಬಿಬ್ಬರು, ಹಾದುಹೋಗುವ ರೈಲಿನ ಸಿಳ್ಳಿನಂತೆ ಬದಲಾಗುವ ಅದರ ಕಂಪನಸಂಖ್ಯೆಯನ್ನು ಅಳೆದೇ ಕಕ್ಷೆಯನ್ನು ಗಣಿಸಿದರು. ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ದೂರದರ್ಶಕವು ಅದರ ವಾಹಕ ರಾಕೆಟ್ಟನ್ನು ರೇಡಾರಿನಿಂದ ಹಿಡಿಯಿತು. ಉಪಗ್ರಹಗಳ ಛಾಯಾಚಿತ್ರ ತೆಗೆಯಲೆಂದು ಸ್ಮಿತ್ಸೋನಿಯನ್ ಸಂಸ್ಥೆ ಜಗತ್ತಿನ ೧೨ ಕಡೆ ಸ್ಥಾಪಿಸಿದ ಬೇಕರ್-ನನ್ ಕ್ಯಾಮೆರಾಗಳಲ್ಲಿ ಒಂದು ನಮ್ಮ ನೈನಿತಾಲಿನಲ್ಲಿತ್ತು. ೧೯೫೮ರ ಮಾರ್ಚಿಯಲ್ಲಿ ಏರಿದ ವ್ಯಾನ್‌ಗಾರ್ಡ್-೧ ಮೂಕವಾಗಿಯಾದರೂ ಇಂದಿಗೂ ಭೂಮಿಯನ್ನು ಸುತ್ತುತ್ತಿದೆ. ಒಂದೇ ಕಾವ್ಯವು ಬೇರೆಬೇರೆ ಮಠಗಳ ಪ್ರತಿಗಳಲ್ಲಿ ದೊರೆತಂತೆ, ಪರಸ್ಪರ ಸಂಬಂಧವಿಲ್ಲದ, ಕೆಲವು ಪ್ರತಿಸ್ಪರ್ಧಿಗಳೇ ಆದ ಸಾಕ್ಷಿಗಳು ಇಲ್ಲಿ ಒಮ್ಮತದಿಂದಿವೆ.

ಹೀಗಿದ್ದರೂ ತಪ್ಪು ಹೆಸರಿನ ಚಿತ್ರವನ್ನು ಕ್ಷುಲ್ಲಕವೆಂದು ತಳ್ಳಿಹಾಕಲಾಗದು. ನಿಜವಾದ ಘಟನೆಗೆ ಸುಳ್ಳು ಚಿತ್ರವನ್ನು ಅಂಟಿಸಿದವನು, ಆ ಘಟನೆಯನ್ನು ಅಲ್ಲಗಳೆಯುವವನಿಗೆ ತಾನೇ ಆಯುಧವನ್ನು ಒದಗಿಸಿದಂತಾಗುತ್ತದೆ. ಶಂಕಿಸುವವನ ಕಣ್ಣು ಸರಿಯಾಗಿಯೇ ನೋಡಿರುತ್ತದೆ; ಅವನ ಅನುಮಾನ ಮಾತ್ರ ಸಂಯೋಜಕನ ಮೇಜಿನ ಬಳಿ ನಿಲ್ಲದೆ ಆಕಾಶದವರೆಗೆ ಹಾರುತ್ತದೆ. ಅವನನ್ನು ಹಳಿಯುವುದಕ್ಕೆ ಮೊದಲು ಅವನ ಪ್ರಶ್ನೆಗೆ ಉತ್ತರ ಹೇಳುವುದು ವಿದ್ವಜ್ಜನರ ಕರ್ತವ್ಯ. ಪ್ರತಿಯೊಂದು ತುಣುಕಿನ ಕೆಳಗೆ ಅದು ಯಾವ ದಿನದ್ದು, ಯಾವ ರಾಕೆಟ್ಟಿನದು, ಯಾವ ವೇಗದಲ್ಲಿ ತೆಗೆದದ್ದು, ಸದ್ದು ಮೂಲದ್ದೋ ಕೂಡಿಸಿದ್ದೋ ಎಂಬ ನಾಲ್ಕು ಸಂಗತಿಗಳನ್ನು ನಮೂದಿಸಿದರೆ ಒಗಟುಗಳಲ್ಲಿ ಬಹುಪಾಲು ಅಲ್ಲಿಯೇ ಬಗೆಹರಿಯುತ್ತವೆ. ಶಾಸನವನ್ನು ಅಚ್ಚುಮಾಡುವಾಗ ಅದರ ಸ್ಥಳವನ್ನೂ ಕಾಲವನ್ನೂ ತ್ರುಟಿತವಾದ ಅಕ್ಷರಗಳನ್ನೂ ತಪ್ಪದೆ ತಿಳಿಸುವ ಸಂಪ್ರದಾಯ ನಮ್ಮಲ್ಲಿ ಬೇರೂರಿದೆ. ಅದೇ ನಿಷ್ಠೆಯನ್ನು ಚಲಚ್ಚಿತ್ರಕ್ಕೂ ಸಲ್ಲಿಸಬೇಕೆಂದು ಕೇಳುವುದು ಅತಿಯಾದ ಬೇಡಿಕೆಯೇನೂ ಆಗಲಾರದು.