ಕಳಚಲಾಗದ ಕೋಶಗಳು

ಕಿಶೊ ಕುರೊಕಾವಾ ವಿನ್ಯಾಸಗೊಳಿಸಿದ, 1972ರಲ್ಲಿ ಪೂರ್ಣಗೊಂಡ ಟೋಕಿಯೊದ ನಕಗಿನ್ ಕ್ಯಾಪ್ಸೂಲ್ ಗೋಪುರದಲ್ಲಿ 140 ವಾಸಕೋಶಗಳಿದ್ದವು. ಪ್ರತಿಯೊಂದರ ಉದ್ದ 4 ಮೀಟರ್, ಅಗಲ ಮತ್ತು ಎತ್ತರ ಸುಮಾರು 2.5 ಮೀಟರ್. ಹಾಸಿಗೆ, ಮೇಜು, ಸ್ನಾನಗೃಹ ಎಲ್ಲವೂ ಅಷ್ಟರೊಳಗೇ! ಈ ಜೋಡಣೆ ಮೆಚ್ಚತಕ್ಕದ್ದೇ. ಆದರೆ ಆ ದುಂಡು ಕಿಟಕಿ ತೆರೆಯುತ್ತಿರಲಿಲ್ಲ. ನಿಮ್ಮ ತರಗತಿಯಲ್ಲಿ ಲೆಕ್ಕ ಹಾಕಿಸಿ ನೋಡಿ: ಮಲಗಿದ ವ್ಯಕ್ತಿ ಗಂಟೆಗೆ 15 ಲೀಟರಿನಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬಿಟ್ಟರೆ, ಗಾಳಿಯ ಸಂಚಾರವೇ ಇಲ್ಲದ ಕೋಶದಲ್ಲಿ 8 ಗಂಟೆಗಳ ನಂತರ ಅದರ ಪ್ರಮಾಣ ಹೊರಗಿನದರ ಹತ್ತು ಪಟ್ಟನ್ನೂ ಮೀರುತ್ತದೆ.

ಇದಕ್ಕಿಂತ ಗಂಭೀರ ದೋಷ ಇನ್ನೊಂದಿತ್ತು. ಪ್ರತಿ ಕೋಶವನ್ನೂ ಕಾಂಕ್ರೀಟ್ ಸ್ತಂಭಕ್ಕೆ 4 ಬೋಲ್ಟುಗಳಿಂದ ಬಿಗಿದು, 25 ವರ್ಷಕ್ಕೊಮ್ಮೆ ಬದಲಿಸುವುದು ಮೂಲ ಉದ್ದೇಶ. ವಾಸ್ತವದಲ್ಲಿ ಕೆಳಗಿನದೊಂದನ್ನು ತೆಗೆಯಬೇಕಾದರೆ ಅದರ ಮೇಲಿನವನ್ನೆಲ್ಲ ಮೊದಲು ಇಳಿಸಬೇಕಿತ್ತು. ಕೊನೆಗೂ ಒಂದು ಕೋಶವೂ ಬದಲಾಗಲಿಲ್ಲ. 2022ರಲ್ಲಿ ಇಡೀ ಗೋಪುರವನ್ನೇ ಕೆಡವಲಾಯಿತು. ಉಳಿಸಿಕೊಂಡ 23 ಕೋಶಗಳಲ್ಲಿ ಕೆಲವು ವಸ್ತುಸಂಗ್ರಹಾಲಯ ಸೇರಿವೆ.